ಕೊಳೆ ಔಷಧಿ ಹೊಡೆಯುವ ಮೊದಲು

ಪಿಟ್ಸ್‌ಬರ್ಗ್,
ಮೇ 18

ಪ್ರೀತಿಯ ಅತ್ತಿಗೆಗೆ ನಮಸ್ಕಾರ.

ಭಾನುವಾರ ಅಪ್ಪ ಫೋನಿನಲ್ಲಿ ನಗುತ್ತಾ ಹೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. ಪುಟ್ಟನ ಚಡ್ಡಿ ಜೇಬಿನಲ್ಲಿ ಮೈಲುತುತ್ತದ ಎರಡು ಹರಳು ಸಿಕ್ಕಿದವಂತೆ. ಕೇಳಿದರೆ ‘ನೀಲಿ ಕಲ್ಲುಸಕ್ಕರೆ’ ಅಂದನಂತೆ. ಬಾಯಿಗೆ ಹಾಕಿರಲಿಲ್ಲ, ನೀವು ಬಟ್ಟೆ ನೆನೆಸುವಾಗ ಸಿಕ್ಕಿತು ಅಂತ ಗೊತ್ತಾದ ಮೇಲೆ ಜೀವ ಬಂತು. ಆದರೂ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅವನ ತಪ್ಪೇನೂ ಇಲ್ಲ ಅತ್ತಿಗೆ. ಅಷ್ಟು ಚೆಂದದ ನೀಲಿ, ಬೆಳಕಿಗೆ ಹಿಡಿದರೆ ಗಾಜಿನ ಹಾಗೆ ಹೊಳೆಯುತ್ತೆ. ನಾಲ್ಕು ವರ್ಷದ ಮಗು ಅದನ್ನು ಸಕ್ಕರೆ ಅನ್ನದೆ ಇನ್ನೇನು ಅನ್ನುತ್ತೆ?

ಇನ್ನೇನು ಮಳೆ ಹಿಡಿಯುವ ಮೊದಲು ಅಡಿಕೆ ಮರಕ್ಕೆ ಕೊಳೆ ರೋಗದ ಔಷಧಿ ಹೊಡೆಯಲು ಕೊನೆಗೌಡ ಬರುತ್ತಾನೆ. ಅಂಗಳದಲ್ಲಿ ಡ್ರಮ್ಮುಗಳು, ಒಂದರಲ್ಲಿ ತುತ್ತ ಕರಗುತ್ತಿರುತ್ತೆ, ಇನ್ನೊಂದರಲ್ಲಿ ಸುಣ್ಣ ಕೊತಕೊತ ಕುದಿಯುತ್ತಿರುತ್ತೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಮಾರ್ಚಿನಲ್ಲಿ ನನ್ನ ಮಗಳು ಶಾಲೆಯಿಂದ ವಿಷದ ಬಾಟಲಿಗೆ ಅಂಟಿಸುವ ಹಸಿರು ಚೀಟಿ ಒಂದು ಹಾಳೆ ತುಂಬ ತಂದಳು. ಮುಖ ಸಿಂಡರಿಸಿಕೊಂಡು ನಾಲಿಗೆ ಹೊರಗೆ ಚಾಚಿದ ಒಂದು ಮುಖ. ಹೆಸರು ಮಿಸ್ಟರ್ ಯಕ್. ನಮ್ಮ ಮಕ್ಕಳು ‘ಛೀ’ ಅನ್ನುವ ಹಾಗೆ ಇಲ್ಲಿಯ ಮಕ್ಕಳು ‘ಯಕ್’ ಅನ್ನುತ್ತಾರೆ. ಇದು ಹುಟ್ಟಿದ್ದು ನಮ್ಮ ಇದೇ ಊರಿನ ಮಕ್ಕಳ ಆಸ್ಪತ್ರೆಯಲ್ಲಿ, 1971ರಲ್ಲಿ. ರಿಚರ್ಡ್ ಮೊರಿಯಾರ್ಟಿ ಅನ್ನುವ ಮಕ್ಕಳ ಡಾಕ್ಟರು ಮಾಡಿಸಿದ್ದು. ವಿಷದ ಬಾಟಲಿಯ ಮೇಲೆ ತಲೆಬುರುಡೆ ಚಿತ್ರ ಇದ್ದೇ ಇತ್ತಲ್ಲ, ಮತ್ತೆ ಇದು ಯಾಕೆ? ಈ ಊರಿನ ಬೇಸ್‌ಬಾಲ್ ತಂಡದ ಹೆಸರೇ ಪೈರೇಟ್ಸ್, ಅಂದರೆ ಕಡಲ್ಗಳ್ಳರು. ಇಲ್ಲಿಯ ಮಕ್ಕಳಿಗೆ ಬುರುಡೆ ಅಂದರೆ ಆಟ, ಸಾಹಸ, ಖುಷಿ. ಹೆದರಿಕೆಯೇ ಇಲ್ಲ. ಹಾಗಾಗಿ ಮಕ್ಕಳನ್ನೇ ಕೇಳಿ ಅವರಿಗೆ ಹೇಸಿಗೆ ಅನ್ನಿಸುವ ಮುಖ, ಹೇಸಿಗೆ ಅನ್ನಿಸುವ ಬಣ್ಣ ಆರಿಸಿದರು.

ಇದನ್ನು ಕೇಳಿದ ಮೇಲೆ ನಾನು ವಿಡಿಯೋ ಕಾಲಿನಲ್ಲಿ ಪುಟ್ಟನಿಗೆ ಬುರುಡೆ ಚಿತ್ರ ತೋರಿಸಿದ್ದೆ, ನೆನಪಿದೆಯಾ? ತಕ್ಷಣ ‘ಕರೆಂಟು!’ ಅಂದ. ಬಸ್‌ಸ್ಟಾಪಿನ ಹತ್ತಿರ ಟ್ರಾನ್ಸ್‌ಫಾರ್ಮರಿನ ಬೋರ್ಡಿನಲ್ಲಿ ದಿನಾ ನೋಡುತ್ತಾನಲ್ಲ. ಅದೇ ಬುರುಡೆ ಔಷಧಿ ಡಬ್ಬಿಯ ಮೇಲಿದ್ದರೆ ಅವನಿಗೆ ಅದು ವಿಷ ಅಂತ ಹೊಳೆಯೋದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ಕಾಡುತ್ತಿದೆ. ನಮ್ಮಲ್ಲಿ ಕೀಟನಾಶಕದ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕ ಇರುತ್ತೆ, ಅದರ ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಬುರುಡೆ ಇರುವುದು ಕೆಂಪಿಗೆ ಮಾತ್ರ. ಹಸಿರು ಅಂದರೆ ವಿಷ ಕಡಿಮೆ ಅಂತ ಅಷ್ಟೇ, ವಿಷ ಇಲ್ಲ ಅಂತಲ್ಲ. ಆದರೆ ಬಿಸ್ಕತ್ತು, ಚಿಪ್ಸ್ ತಂದಾಗ ನಾವು ಮಕ್ಕಳಿಗೆ ಹೇಳಿಕೊಟ್ಟಿರುವುದೇನು? ‘ಹಸಿರು ಚುಕ್ಕೆ ಇದ್ದರೆ ನಾವು ತಿನ್ನಬಹುದು’ ಅಂತ! ಪುಟ್ಟ ಎಷ್ಟು ಚೆನ್ನಾಗಿ ಹುಡುಕಿ ತೋರಿಸುತ್ತಾನೆ. ಆ ಪಾಠ ಶೆಡ್ಡಿನೊಳಗೂ ಹೋಗದಿರಲಿ. ಅವನನ್ನು ಕರೆದುಕೊಂಡು ಹೋಗಿ, ಮುಟ್ಟಿಸದೆ, ಆ ಚೌಕ ತೋರಿಸಿ. ಈ ಆಕಾರ ಕಂಡರೆ ಯಾವ ಬಣ್ಣವಾದರೂ ಮುಟ್ಟಬಾರದು ಅಂತ ಹೇಳಿ.

ಮತ್ತೆ ನಮ್ಮ ಮಾತು. ತುತ್ತ, ಸುಣ್ಣ ಕಲಸಿದ ಬೋರ್ಡೋಗೆ ‘ಔಷಧಿ’ ಅನ್ನುತ್ತೇವೆ. ಕಳೆಗೆ ಹೊಡೆಯುವುದೂ ಔಷಧಿ, ಜಿರಳೆಗೆ ಇಡುವುದೂ ಔಷಧಿ. ಪುಟ್ಟನಿಗೆ ಜ್ವರ ಬಂದಾಗ ‘ಜಾಣ ಅಲ್ವಾ, ಔಷಧಿ ಕುಡಿ’ ಅನ್ನುವುದೂ ಅದೇ ಬಾಯಿ. ಬೀರುವಿನಲ್ಲಿ ಬಟ್ಟೆ ಮಧ್ಯೆ ಇಡುವುದು ನುಸಿಗುಳಿಗೆ. ಅದರ ಹೆಸರಿನಲ್ಲೇ ಗುಳಿಗೆ ಇದೆ, ನೋಡಲು ಪೆಪ್ಪರಮಿಂಟಿನ ಹಾಗೇ ಇದೆ. ಮಗು ಓದಲು ಕಲಿಯುವ ಮೊದಲು ಹೆಸರು ಕಲಿಯುತ್ತೆ. ಹಾಗಾಗಿ ಒಂದೇ ಒಂದು ಕೇಳಿಕೊಳ್ಳುತ್ತೇನೆ. ಮಕ್ಕಳೆದುರು ಇವಕ್ಕೆಲ್ಲ ವಿಷ ಅಂತಲೇ ಅನ್ನಿ. ಕೊಳೆ ವಿಷ, ಕಳೆ ವಿಷ, ಜಿರಳೆ ವಿಷ. ಅಪ್ಪನಿಗೆ ಮೊದಮೊದಲು ಬಾಯಿಗೆ ಬರಲಿಕ್ಕಿಲ್ಲ. ಮೊಮ್ಮಗನಿಗೋಸ್ಕರ ಅನ್ನುತ್ತಾರೆ.

ಅಪ್ಪನಿಗೆ ಈ ಕಥೆಯನ್ನೂ ಓದಿ ಹೇಳಿ, ಖುಷಿಪಡುತ್ತಾರೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯಬಾರದು ಅಂತ ರಸ್ತೆ ಪಕ್ಕದ ಬಳ್ಳಿಗೆ ತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರಂತೆ. 1880ರ ದಶಕದಲ್ಲಿ ಮಿಲಾರ್ಡೆ ಅನ್ನುವ ಪ್ರೊಫೆಸರು ಆ ಬಳ್ಳಿಗಳಿಗೆ ರೋಗ ಬಂದಿಲ್ಲ ಅಂತ ಗಮನಿಸಿದರು. ಅಲ್ಲಿಂದಲೇ ನಮ್ಮ ಅಡಿಕೆಯ ಕೊಳೆಗೂ ಬಂದದ್ದು. ಅಂದರೆ ಆ ನೀಲಿ ಮೊದಲು ಹೇಳುತ್ತಿದ್ದುದೇ ‘ತಿನ್ನಬೇಡ’ ಅಂತ.

ಚೀಟಿ ಅಂಟಿಸಿದರೆ ಆಯಿತು ಅಂತ ಸುಮ್ಮನಿರಬೇಡಿ. ಇಲ್ಲಿ ಆಮೇಲೆ ಪರೀಕ್ಷೆ ಮಾಡಿ ನೋಡಿದಾಗ, ಒಂದು ಎರಡು ವರ್ಷದ ಮಕ್ಕಳನ್ನು ಮಿಸ್ಟರ್ ಯಕ್ ತಡೆಯಲಿಲ್ಲ. ಬಣ್ಣದ ಚೀಟಿ ಕಂಡರೆ ಕೈ ಅಲ್ಲಿಗೇ ಹೋಗುತ್ತೆ. ನಿಮ್ಮ ಚಿಕ್ಕವಳು ಈಗ ನಡೆಯಲು ಶುರುಮಾಡಿದ್ದಾಳೆ. ಅವಳಿಗೆ ಪಾಠ ಬೇಡ, ಶೆಡ್ಡಿಗೆ ಬೀಗ ಬೇಕು. ಫಿನಾಯಿಲನ್ನು ನೀರಿನ ಬಾಟಲಿಗೆ ಸುರಿದಿಡುವುದನ್ನೂ ದಯವಿಟ್ಟು ನಿಲ್ಲಿಸಿ. ನೀರು ಬೆರೆಸಿದರೆ ಅದು ಥೇಟ್ ಮಜ್ಜಿಗೆ.

ನಿಮ್ಮ ಮದುವೆಗೆ ಮೊದಲಿನ ಮಾತು. ನಾನು ಐದು ವರ್ಷದವಳಿದ್ದಾಗ ಬಚ್ಚಲುಮನೆ ಕಿಟಕಿಯಲ್ಲಿದ್ದ ಶರಬತ್ತಿನ ಬಾಟಲಿ ಎತ್ತಿ ಕುಡಿದಿದ್ದೆ. ಅದರಲ್ಲಿದ್ದದ್ದು ಹಂಡೆ ಒಲೆಗೆ ಇಟ್ಟಿದ್ದ ಸೀಮೆಎಣ್ಣೆ. ಅಮ್ಮ ಗಾಬರಿಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರು. ಅದೇ ಎಣ್ಣೆ ಪುಪ್ಪುಸಕ್ಕೆ ಹೋಗಿ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಅಮ್ಮನಿಗೆ ಆಗ ಹೇಳುವವರು ಯಾರಿದ್ದರು? ಹಾಗೇನಾದರೂ ಆದರೆ ವಾಂತಿ ಮಾಡಿಸಬೇಡಿ. ಬಾಯಿ ತೊಳೆಸಿ, ಡಬ್ಬಿಯನ್ನೂ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ. ಸುಣ್ಣ ಕಣ್ಣಿಗೆ ಹಾರಿದರೆ ಮೊದಲು ಕಾಲುಗಂಟೆ ನೀರು ಹಾಕುತ್ತಲೇ ಇರಿ, ಆಮೇಲೆ ಹೊರಡಿ. ದೆಹಲಿಯ ಏಮ್ಸ್‌ನಲ್ಲಿ ವಿಷದ ಬಗ್ಗೆ ಹಗಲೂ ರಾತ್ರಿ ಹೇಳುವ ಕೇಂದ್ರ ಇದೆ, 1800 116 117. ಅಡುಗೆಮನೆ ಕ್ಯಾಲೆಂಡರಿನ ಮೇಲೆ 108ರ ಪಕ್ಕದಲ್ಲೇ ದಪ್ಪಗೆ ಬರೆದಿಡಿ.

ಈ ಪತ್ರದ ಜೊತೆ ಒಂದು ಹಾಳೆ ಚೀಟಿ ಇಟ್ಟಿದ್ದೇನೆ. ಆದರೆ ಪುಟ್ಟನ ಕೈಯಲ್ಲೇ ಒಂದು ‘ಛೀ’ ಮುಖ ಬರೆಸಿ, ಅವನಿಗೆ ಯಾವ ಬಣ್ಣ ಹೇಸಿಗೆಯೋ ಅದರಲ್ಲಿ. ಬರೆದದ್ದನ್ನು ಫೋಟೋ ತೆಗೆದು ಕಳಿಸಿ. ಇಲ್ಲಿ ನನ್ನ ಮಗಳು ಕಾಯುತ್ತಿದ್ದಾಳೆ.

ನಿಮ್ಮ ಪ್ರೀತಿಯ ನಾದಿನಿ