ಫುಟ್ಬಾಲ್ ಲಿಂಕ್ ಹಾಕುವ ಮುನ್ನ ಇದನ್ನು ಓದಿ

ಎಲ್ಲರಿಗೂ ನಮಸ್ಕಾರ.

ಗುಂಪಿನಲ್ಲಿ 'ಫ್ರೀ ಲೈವ್' ಲಿಂಕ್‌ಗಳು ಜಾಸ್ತಿ ಆಗಿವೆ. ಇಂದಿನಿಂದ ದಯವಿಟ್ಟು ಅವನ್ನು ಹಾಕಬೇಡಿ.

ಕಳೆದ ಭಾನುವಾರ ರಾತ್ರಿ ನಾನೇ ಒಂದನ್ನು ಒತ್ತಿದೆ. ಪಂದ್ಯ ಬರಲಿಲ್ಲ. 'ಪ್ಲೇಯರ್ ಅಪ್‌ಡೇಟ್ ಮಾಡಿ' ಅಂತ ಬಂತು, ಒಂದು ಎಪಿಕೆ ಫೈಲ್ (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಇಳಿಯಿತು. ಇನ್‌ಸ್ಟಾಲ್ ಆದ ಕೂಡಲೇ ನನ್ನ ಮೆಸೇಜ್ ಓದಲು ಅನುಮತಿ ಕೇಳಿತು. ಫುಟ್ಬಾಲ್ ನೋಡಲು ಮೆಸೇಜ್ ಯಾಕೆ ಬೇಕು ಹೇಳಿ? ಒಟಿಪಿ ಕದಿಯಲು. ಅಲ್ಲೇ ನೆಟ್ ಆಫ್ ಮಾಡಿ ಅದನ್ನು ತೆಗೆದೆ, ಹಣ ಉಳಿಯಿತು.

ನೀವೂ ಹಾಗೇನಾದರೂ ಇನ್‌ಸ್ಟಾಲ್ ಮಾಡಿದ್ದರೆ ಈಗಲೇ ತೆಗೆಯಿರಿ, ಬೇರೆ ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆ ಬೇಡ.

ದುಡ್ಡು ಕೊಡದೆ ನೋಡಲು ಸರಿಯಾದ ದಾರಿಯೂ ಇದೆ. 2022ರ ವಿಶ್ವಕಪ್ ಫೈನಲ್, ಆ ಅರ್ಜೆಂಟೀನಾ–ಫ್ರಾನ್ಸ್ ಪಂದ್ಯ, ಜಿಯೋ ಸಿನಿಮಾದಲ್ಲಿ ಪುಕ್ಕಟೆ ನೋಡಿದ್ದೆವು ಅಲ್ವಾ? ಹಾಗೆ ಪ್ರತಿ ಟೂರ್ನಿಗೂ ಪ್ರಸಾರದ ಹಕ್ಕು ಯಾರದ್ದೆಂದು ಮೊದಲು ನೋಡೋಣ. ಫಿಫಾದ ಸ್ಟ್ರೀಮಿಂಗ್ ಸೇವೆ ಫಿಫಾ ಪ್ಲಸ್‌ನಲ್ಲೂ ಕೆಲವು ಪಂದ್ಯಗಳು ಉಚಿತ. ಡಿಡಿ ಸ್ಪೋರ್ಟ್ಸ್‌ನಲ್ಲಿ ಬರುವ ಪಂದ್ಯಕ್ಕೆ ಕುಂಬಳೆಯ ನಮ್ಮ ಮನೆಗೆ ಬನ್ನಿ. ಫ್ರೀ ಡಿಶ್ ಇದೆ, ತಿಂಗಳ ಬಾಡಿಗೆ ಇಲ್ಲ. ಜಗಲಿಯಲ್ಲಿ ಹದಿನೈದು ಜನ ಕೂರಬಹುದು. ಚಹಾ, ಗೋಳಿಬಜೆ ನಮ್ಮ ಲೆಕ್ಕ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ಹೆಸರು ಹಾಕಿ. ಬದಿಯಡ್ಕ, ಉಪ್ಪಳ ಕಡೆಯವರು ಹಿಂದಿರುಗುವ ಗಾಡಿಯ ಬಗ್ಗೆಯೂ ತಿಳಿಸಿ, ರಾತ್ರಿ ಬಸ್ ಸಿಗುವುದು ಕಷ್ಟ. ಹಳೆಯ ಲಿಂಕ್ ಹಾಕಿದವರು ಅದನ್ನು ಡಿಲೀಟ್ ಮಾಡಿ.