ಗೆಳೆಯನಿಗೊಂದು ಪತ್ರ: ಆ ಹಳೇಬೀಡಿನಲ್ಲಿ ಕಪ್ಪೆ ಇಲ್ಲ

ಹಾಸನ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯ,

ಮೊನ್ನೆ ಫೋನಿನಲ್ಲಿ ನಮ್ಮ ಜಗಳ ಅರ್ಧಕ್ಕೇ ನಿಂತಿತು. ನಿಮ್ಮ ತೋಟದಲ್ಲಿ ಸಿಗ್ನಲ್ ಹೋಯಿತೋ, ನೀನೇ ಕಟ್ ಮಾಡಿದೆಯೋ ಗೊತ್ತಿಲ್ಲ. ನೀನೇ ಮಾಡಿದ್ದು ಅಂತ ನನ್ನ ಅನುಮಾನ. ಅದಕ್ಕೆ ಮೊದಲು ನೀನು ಹೇಳಿದ್ದು ಇಷ್ಟು: "ಅಷ್ಟು ದೊಡ್ಡ ವಿಡಿಯೋ ಗೇಮ್‌ನಲ್ಲಿ ನಮ್ಮ ಹಳೇಬೀಡು ಬಂದಿದೆ, ಬೇಲೂರು ಬಂದಿದೆ. ಖುಷಿ ಪಡೋದು ಬಿಟ್ಟು ಮೊಸರಲ್ಲಿ ಕಲ್ಲು ಹುಡುಕ್ತೀಯಲ್ಲೋ." ಹಳೇಬೀಡಿನ ವಿಷಯದಲ್ಲಿ ಕಲ್ಲು ಹುಡುಕದೆ ಇನ್ನೇನು ಹುಡುಕಲಿ ಮಾರಾಯ?

ಫೋನಿನಲ್ಲಿ ನೀನು ಮಾತಾಡಲು ಬಿಡುವುದಿಲ್ಲ. ಅದಕ್ಕೇ ಈ ಪತ್ರ. ನಮ್ಮ ಹಾಗೆ ಗೇಮ್ ಆಡಿ ಜಗಳ ಆಡುವವರು ಇನ್ನೂ ಇರಬಹುದು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಬೇಜಾರು ಮಾಡ್ಕೋಬೇಡ.

ನೀನು ಕೊಟ್ಟ 'ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ' ಮುಗಿಸಿದೆ. ಮೂರು ಭಾನುವಾರ ಹಿಡಿಯಿತು. ನಾಟಿ ಡಾಗ್‌ನವರು 2017ರಲ್ಲಿ ತಂದ ಗೇಮ್, ಈಗ ಆಡಿದರೂ ಹಳತು ಅನ್ನಿಸಲಿಲ್ಲ. ಘಟ್ಟದ ಕೆಸರಿನಲ್ಲಿ ಜೀಪು ಜಾರುವುದು, ಮರದ ಮಧ್ಯೆ ಬೀಳುವ ಬೆಳಕು, ಗಣಪತಿಯ ದಂತ ಹುಡುಕಿ ಹೊರಟ ಕ್ಲೋಯಿ ಮತ್ತು ನಡೀನ್ ಒಬ್ಬರನ್ನೊಬ್ಬರು ನಂಬದೆ, ಆಮೇಲೆ ನಿಧಾನಕ್ಕೆ ನಂಬುತ್ತಾ ಹೋಗುವುದು, ಇದೆಲ್ಲ ನನಗೂ ಇಷ್ಟವಾಯಿತು. ಆನೆ ಮೇಲೆ ಕೂರುವ ಜಾಗದಲ್ಲಿ ಮಗಳನ್ನು ಕರೆದು ತೋರಿಸಿದೆ. ಸಕಲೇಶಪುರದ ಕಡೆ ಆನೆ ಬಂತು ಅಂದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ಅವಳಿಗೆ ನಗು.

ಗೇಮ್‌ನ ಹಳೇಬೀಡಿನಲ್ಲಿ ಬೆಟ್ಟದಷ್ಟು ಎತ್ತರದ ವಿಗ್ರಹಗಳಿವೆ, ಸುತ್ತ ಜಲಪಾತ. ನಮ್ಮ ಹಳೇಬೀಡಿನಲ್ಲಿ ಒಂದು ಕೆರೆ, ಆಲೂಗಡ್ಡೆ ಹೊಲ, ಎಳನೀರು ಗಾಡಿ. ಇದು ನನ್ನ ದೂರು ಅಂದುಕೊಂಡು ನೀನು ಅರ್ಧ ಗಂಟೆ ವಾದ ಮಾಡಿದೆ. ಅಲ್ಲ ಕಣೋ. ಕಥೆ ಅಂದಮೇಲೆ ಎಷ್ಟು ಜಲಪಾತ ಬೇಕಾದರೂ ಹರಿಸಲಿ, ನಮಗೇನು ನೀರಿನ ಬಿಲ್ ಬರುತ್ತಾ? ನನ್ನ ದೂರು ಇರುವುದು ಅದರ ಒಗಟುಗಳ ಮೇಲೆ.

ಕಲ್ಲಿನ ದೈತ್ಯರು ಕೊಡಲಿ ಬೀಸುತ್ತಾರಲ್ಲ, ನಾವು ಲೆಕ್ಕ ಹಾಕಿ ಒಂದೊಂದೇ ಕಟ್ಟೆ ಹಾರಬೇಕು, ಅದು. ಆಮೇಲೆ ದೀಪದ ಮುಂದೆ ಆಕಾರಗಳನ್ನು ತಿರುಗಿಸಿ ಗೋಡೆ ಮೇಲೆ ಸರಿಯಾದ ನೆರಳು ಬೀಳಿಸುವುದು. ಎರಡೂ ಚೆನ್ನಾಗಿಯೇ ಇವೆ. ತಲೆಗೂ ಕೆಲಸ, ಕಣ್ಣಿಗೂ ಹಬ್ಬ. ಆದರೆ ಅವನ್ನು ಹಾಗೇ ಕಿತ್ತು ಈಜಿಪ್ಟಿನ ಕಥೆಯಲ್ಲಿ ಇಡು. ಏನಾದರೂ ಕೆಡುತ್ತಾ? ಪರಶುರಾಮನ ಕೊಡಲಿಗೂ ಗಣಪತಿಯ ಮುರಿದ ದಂತಕ್ಕೂ ಕಥೆಯಲ್ಲೇ ಸಂಬಂಧ ಇದೆಯಲ್ಲ ಅಂತ ನೀನು ಅಂದೆ. ಇದೆ, ಆದರೆ ಹಾರುವಾಗ ನನ್ನ ತಲೆಯಲ್ಲಿ ಪರಶುರಾಮನೂ ಇರಲಿಲ್ಲ, ಆ ದಂತದ ಹಿಂದೆ ಬಿದ್ದಿದ್ದ ಕ್ಲೋಯಿಯ ಅಪ್ಪನೂ ಇರಲಿಲ್ಲ. ಎಡಕ್ಕೆ ಎರಡು, ಮುಂದಕ್ಕೆ ಒಂದು ಅಂತ ಎಣಿಸುತ್ತಿದ್ದೆ, ಅಷ್ಟೇ. ಬೆಂಗಳೂರಿಗೆ ಹೋಗುವಾಗ ಶಾಂತಿಗ್ರಾಮದ ಟೋಲ್ ಬರುತ್ತಲ್ಲ, ಹಾಗೆ. ದುಡ್ಡು ಕಟ್ಟು, ಗೇಟು ಏಳುತ್ತದೆ, ಮುಂದೆ ಹೋಗು. ನೀನು ಯಾರು, ಯಾಕೆ ಹೊರಟೆ ಅಂತ ಟೋಲ್ ಗೇಟು ಕೇಳುವುದಿಲ್ಲ.

ನನಗೆ ಹೊಟ್ಟೆ ಉರಿದದ್ದು ಇಲ್ಲಿ. ಗೇಮ್ ಮಾಡಿದವರು ಬಂದದ್ದು ಬೇಲೂರಿನ ಹೆಸರು ಹಿಡಿದುಕೊಂಡು. ಕಥೆಯೂ ಒಗಟೂ ಒಂದೇ ಆಗಿರುವ ಕಥೆ ಬೇಲೂರಿನಲ್ಲೇ ಇದೆ. ನಿನಗೂ ಗೊತ್ತು, ನಾಲ್ಕನೇ ಕ್ಲಾಸಿನ ಪ್ರವಾಸದಲ್ಲಿ ಗೈಡ್ ಹೇಳಿದ್ದ. ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷ ಇದೆ ಅಂತ ಎಲ್ಲಿಂದಲೋ ಬಂದ ಹುಡುಗ ಹೇಳುತ್ತಾನೆ. ಇದ್ದರೆ ನನ್ನ ಬಲಗೈ ಕತ್ತರಿಸಿಕೊಳ್ಳುತ್ತೇನೆ ಅನ್ನುತ್ತಾನೆ ಜಕಣಾಚಾರಿ. ಕಲ್ಲು ಒಡೆಯದೆ ದೋಷ ಕಂಡುಹಿಡಿಯುವುದು ಹೇಗೆ? ಮೈತುಂಬ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಹತ್ತಿರ ಮಾತ್ರ ಒದ್ದೆ. ಅಲ್ಲಿ ಉಳಿ ಇಟ್ಟರೆ ನೀರು, ನೀರಿನ ಜೊತೆ ಕಪ್ಪೆ. ಕೈ ಹೋಗುತ್ತದೆ. ಆ ಹುಡುಗ ತನ್ನ ಮಗ ಅಂತ ಗೊತ್ತಾಗುವುದು ಆಮೇಲೆ.

ಈಗ ಈ ಕಥೆಯಿಂದ ಒಗಟು ಕೀಳಲು ಹೋಗು. ಬರುವುದಿಲ್ಲ. ಗಂಧ ಒಣಗುವುದನ್ನು ಕಾಯುವ ಹೊತ್ತಿನಲ್ಲಿ ಒಬ್ಬನ ಕೈ, ಇಬ್ಬರ ಸಂಬಂಧ, ಎಲ್ಲ ಇದೆ. ಉತ್ತರ ಸಿಕ್ಕಿತು ಅಂತ ಖುಷಿ ಪಡುವ ಹಾಗೂ ಇಲ್ಲ. ಇದೊಂದು ಗೇಮ್ ಆದರೆ ಗಂಧ ಬಳಿಯುವ ಬಟನ್ ಒತ್ತಲು ನನ್ನ ಬೆರಳು ನಡುಗಬೇಕು. (ಇದು ದಂತಕಥೆ ಅನ್ನುವುದು ಗೊತ್ತು, ತಿದ್ದಲು ಬರಬೇಡ. ಬೇಲೂರಿನಲ್ಲಿ ಹೆಸರು ಕೊರೆದುಕೊಂಡವರಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ಅಲ್ಲೂ ಅಪ್ಪ-ಮಗ, ನೋಡು.)

ಇನ್ನು ನಿನ್ನ ಎರಡನೇ ವಾದ. ಹಳೇ ಕಾಲದ ಅಡ್ವೆಂಚರ್ ಗೇಮ್‌ಗಳೇ ಚೆನ್ನಾಗಿದ್ದವು, ಈಗಿನವು ಸಲೀಸು ಅಂತ. ಅರ್ಧ ಒಪ್ಪುತ್ತೇನೆ. 1990ರ 'ಮಂಕಿ ಐಲ್ಯಾಂಡ್'ನಲ್ಲಿ ಕತ್ತಿವರಸೆ ಗೆಲ್ಲುವುದು ಬೈಗುಳದಿಂದ. ಎದುರಾಳಿ ಬೈದರೆ ಅದಕ್ಕೆ ತಕ್ಕ ಉತ್ತರ ಕೊಡಬೇಕು, ಸೋತರೂ ಹೊಸ ಬೈಗುಳ ಕಲಿಯುತ್ತೀಯ. ನಮ್ಮ ಸಂತೆಯಲ್ಲಿ ಬೆಳೆದವರಿಗೆ ಹೇಳಿ ಮಾಡಿಸಿದ ಆಟ. ಬಾಯಿ ಬಿಟ್ಟರೆ ಬೇರೆ ಬಂಡವಾಳ ಇಲ್ಲದ ಹುಡುಗ ಕಡಲುಗಳ್ಳನಾಗುವ ಕಥೆಗೆ ಅದಕ್ಕಿಂತ ಒಳ್ಳೆಯ ಒಗಟು ಇರಲಿಕ್ಕಿಲ್ಲ.

ಆದರೆ ಅದೇ ಕಾಲದ ಮೀಸೆಯನ್ನೂ ನೆನೆಸಿಕೋ. 1999ರಲ್ಲಿ ಸಿಯೆರಾದವರು ತಂದ 'ಗೇಬ್ರಿಯಲ್ ನೈಟ್ 3'. ಗೇಬ್ರಿಯಲ್‌ಗೆ ಬಾಡಿಗೆ ಬೈಕು ಬೇಕು. ಅದಕ್ಕೆ ಗೆಳೆಯನ ವೇಷ ಹಾಕಬೇಕು. ಅದಕ್ಕೆ ಮೀಸೆ ಬೇಕು. ಅದಕ್ಕೆ ಬೆಕ್ಕು ನುಸುಳುವ ತೂತಿಗೆ ಟೇಪ್ ಅಂಟಿಸಿ, ಬೆಕ್ಕಿಗೆ ನೀರು ಚಿಮುಕಿಸಿ ಓಡಿಸಿ, ಟೇಪಿಗೆ ಹತ್ತಿದ ಕೂದಲನ್ನು ಸಿರಪ್ ಹಚ್ಚಿ ತುಟಿ ಮೇಲೆ ಅಂಟಿಸಿಕೊಳ್ಳಬೇಕು. ತಮಾಷೆ ಏನೆಂದರೆ ಆ ಗೆಳೆಯನಿಗೆ ಮೀಸೆಯೇ ಇಲ್ಲ. ಅವನ ಪಾಸ್‌ಪೋರ್ಟ್ ಫೋಟೋಗೂ ಪೆನ್ನಿನಲ್ಲಿ ಮೀಸೆ ಬರೆಯಬೇಕು. ಇದನ್ನು ಯಾರು ತಾನೇ ಯೋಚಿಸಿ ಬಿಡಿಸುತ್ತಾರೆ? ನಾನಂತೂ ಬೇರೆಯವರು ಬರೆದಿಟ್ಟ ಉತ್ತರ ನೋಡಿಕೊಂಡೇ ಮುಂದೆ ಹೋದೆ. ನೀನೂ ನೋಡಿದ್ದೆ, ಸುಳ್ಳು ಹೇಳಬೇಡ.

ನಮ್ಮ ಅಜ್ಜಿ ನೆನಪಾಗುತ್ತಾರೆ. ರಾತ್ರಿ ಕರೆಂಟ್ ಹೋದರೆ ಅವರ ಒಗಟು ಶುರು. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು?" ಎಲ್ಲರಿಗೂ ಗೊತ್ತಿರುವ ಉತ್ತರ ಮಲ್ಲಿಗೆ. ನನಗೆ ಆಗ ಏಳು ವರ್ಷ ಇರಬೇಕು. ಹಿಂದಿನ ವಾರ ಮಳೆ ಬಿದ್ದು ಮನೆ ಹಿಂದಿನ ತೋಟ ಪೂರ್ತಿ ಬೆಳ್ಳಗಾಗಿತ್ತು. ನಾನು ಕಾಫಿ ಹೂವು ಅಂದೆ. ಅಜ್ಜಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. "ಅದೂ ಹೌದಲ್ಲೋ" ಅಂದರು. ಮುಂದಿನ ರಜೆಯಲ್ಲಿ ಚಿಕ್ಕಮ್ಮನ ಮಕ್ಕಳು ಮಲ್ಲಿಗೆ ಅಂದಾಗ, "ನಮ್ಮೂರಲ್ಲಿ ಕಾಫಿ ಹೂವು" ಅಂತ ತಿದ್ದಿದರು!

ಆ ಮೀಸೆ ಮಾಡಿಸಿದವರಿಗೆ ಆ ಅಜ್ಜಿಯ ಕಿವಿ ಇರಲಿಲ್ಲ. ಟೇಪಿನ ಬದಲು ಗೋಂದು ಹಾಕಿದರೂ ಆಗುವುದಿಲ್ಲ, ಅಂಗಡಿಯಲ್ಲಿ ಮೀಸೆ ಕೊಳ್ಳುತ್ತೇನೆ ಅಂದರೂ ಆಗುವುದಿಲ್ಲ. ಅವರು ಅಂದುಕೊಂಡ ಒಂದೇ ಉತ್ತರ ನಮ್ಮ ಬಾಯಲ್ಲಿ ಬರಬೇಕು. ಇದನ್ನು ಕಷ್ಟದ ಒಗಟು ಅನ್ನಬೇಡ. ನನ್ನ ಮನಸ್ಸಿನಲ್ಲಿ ಏನಿದೆ ಹೇಳು ನೋಡೋಣ ಅಂದ ಹಾಗಾಯಿತು.

ಹಾಗಾದರೆ ನಿನಗೆ ಇಷ್ಟ ಆದದ್ದಾದರೂ ಯಾವುದು ಅಂತ ಕೇಳುತ್ತೀಯ. 'ರಿಟರ್ನ್ ಆಫ್ ದಿ ಓಬ್ರಾ ಡಿನ್'. ಲ್ಯೂಕಾಸ್ ಪೋಪ್ ಮಾಡಿದ್ದು, 2018ರದ್ದು. ಬಣ್ಣ ಇಲ್ಲ, ಹಳೇ ಕಂಪ್ಯೂಟರಿನ ಹಾಗೆ ಬರೀ ಚುಕ್ಕಿ ಚುಕ್ಕಿ. ನೀನು ಹತ್ತು ನಿಮಿಷ ನೋಡಿ ಕಣ್ಣು ನೋವು ಅಂತ ಬಿಟ್ಟೆ. ತಪ್ಪು ಮಾಡಿದೆ. ಕಾಣೆಯಾಗಿದ್ದ ಹಡಗು 1807ರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ವಾಪಸ್ ತೇಲಿ ಬರುತ್ತದೆ. ನೀನು ಈಸ್ಟ್ ಇಂಡಿಯಾ ಕಂಪನಿ ಕಳಿಸಿದ ಇನ್ಶೂರೆನ್ಸ್ ಇನ್ಸ್‌ಪೆಕ್ಟರ್. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು, ಪುಸ್ತಕದಲ್ಲಿ ಬರೆಯಬೇಕು. ಅಷ್ಟೇ ಆಟ. ಹೆಣದ ಹತ್ತಿರ ಗಡಿಯಾರ ತೆರೆದರೆ ಸಾಯುವ ಮುಂಚಿನ ಮಾತು ಕೇಳುತ್ತದೆ, ಸಾಯುವ ಕ್ಷಣ ಫೋಟೋದ ಹಾಗೆ ನಿಲ್ಲುತ್ತದೆ. ಮಲಗುವ ಜೋಲಿಯ ನಂಬರ್, ಕಾಲಲ್ಲಿರುವ ಶೂ, ಯಾರ ಪಕ್ಕ ಯಾರು ನಿಂತಿದ್ದಾರೆ, ಇವೇ ಸುಳಿವು. ಮೂವರದು ಸರಿ ಬರೆದಾಗ ಮಾತ್ರ ಗೇಮ್ ಹೌದು ಅನ್ನುತ್ತದೆ, ಹಾಗಾಗಿ ಸುಮ್ನೆ ಊಹೆ ಹೊಡೆದು ಪಾರಾಗುವುದು ಕಷ್ಟ. ಇಲ್ಲಿ ಒಗಟು ಬಿಡಿಸುವುದು, ಕಥೆ ತಿಳಿಯುವುದು ಎರಡು ಕೆಲಸ ಅಲ್ಲ.

ಅದರಲ್ಲೂ ನನಗೊಂದು ಸಿಟ್ಟಿದೆ. ಕೆಲವು ಸುಳಿವು ಮಾತಿನ ಧಾಟಿಯಲ್ಲಿವೆ. ಐರ್ಲೆಂಡಿನವನೋ ಸ್ಕಾಟ್ಲೆಂಡಿನವನೋ ಅಂತ ಕಿವಿಯಲ್ಲೇ ತಿಳಿಯಬೇಕು. ಹಾಸನದ ಕಿವಿಗೆ ಅವರಿಬ್ಬರೂ ಒಂದೇ. ಅದೇ ಹಡಗಿನಲ್ಲಿ ಒಬ್ಬ ಮಂಗಳೂರಿನವನು, ಒಬ್ಬ ಹುಬ್ಬಳ್ಳಿಯವನು, ಒಬ್ಬ ಚಾಮರಾಜನಗರದವನು ಇದ್ದಿದ್ದರೆ ನಾನು ಗಡಿಯಾರ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದೆ. ಹಡಗಿನಲ್ಲಿ ಭಾರತದ ನಾವಿಕರೂ ಇದ್ದಾರೆ ಅನ್ನು. ಅವರನ್ನು ಗುರುತು ಹಿಡಿಯುವಾಗ ಯಾಕೋ ಎಲ್ಲರಿಗಿಂತ ಜಾಸ್ತಿ ಹೊತ್ತು ನಿಂತೆ. ಕಂಪನಿಯ ಲೆಕ್ಕದಲ್ಲಿ ಅವರದು ಒಂದು ಸಾಲು.

'ಔಟರ್ ವೈಲ್ಡ್ಸ್' ಬಗ್ಗೆ ಜಾಸ್ತಿ ಹೇಳುವುದಿಲ್ಲ, ಹೇಳಿದರೆ ನಿನಗೆ ಆಡಲು ಏನೂ ಉಳಿಯುವುದಿಲ್ಲ. 2019ರದ್ದು, ಗ್ರಹದಿಂದ ಗ್ರಹಕ್ಕೆ ಹಾರುತ್ತಾ ಹುಡುಕುವ ಗೇಮ್. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿಯುತ್ತಾನೆ, ಮತ್ತೆ ಮೊದಲಿನಿಂದ ಎದ್ದೇಳುತ್ತೀಯ. ಹೊಸ ಆಯುಧ ಸಿಗುವುದಿಲ್ಲ, ಶಕ್ತಿ ಹೆಚ್ಚುವುದಿಲ್ಲ. ಕೊನೆ ಮುಟ್ಟಲು ಬೇಕಾದ ಸಲಕರಣೆ ಮೊದಲ ದಿನವೇ ಕೈಯಲ್ಲಿರುತ್ತದೆ, ಗೊತ್ತಿಲ್ಲದೆ ಇರುವುದು ದಾರಿ ಮಾತ್ರ. ಆಡುತ್ತಾ ಆಡುತ್ತಾ ನನಗೆ ಹಳೇಬೀಡಿನ ಗೋಡೆಯ ಚಕ್ರವ್ಯೂಹ ನೆನಪಾಯಿತು. ಸುರುಳಿ ಸುತ್ತಿದ ಸೈನ್ಯ, ಒಳಗೆ ಅಭಿಮನ್ಯು. ಅವನಿಗೆ ಬಾಣ ಕಡಿಮೆ ಇರಲಿಲ್ಲ, ಹೊರಗೆ ಬರುವ ದಾರಿ ಗೊತ್ತಿರಲಿಲ್ಲ. ನಾನು ಪ್ರತಿ 22 ನಿಮಿಷಕ್ಕೆ ಅಭಿಮನ್ಯು ಆಗುತ್ತಿದ್ದೆ, ವ್ಯತ್ಯಾಸ ಇಷ್ಟೇ, ಮರುದಿನ ಇನ್ನೊಂದು ತಿರುವು ಕಲಿತಿರುತ್ತಿದ್ದೆ.

ಕಥೆ ಯಾವ ಕಡೆ ಹೋಗಬೇಕು ಅಂತ ನಾವೇ ಆರಿಸುವ ಆಯ್ಕೆಗಳ ಗೇಮ್ ಬಗ್ಗೆ ಎರಡೇ ಮಾತು. ಟೆಲ್‌ಟೇಲ್‌ನ 'ದಿ ವಾಕಿಂಗ್ ಡೆಡ್' (2012) ನಿನಗೆ ಕಣ್ಣೀರು ಬರಿಸಿತ್ತು, ನನಗೂ ಬರಿಸಿತು. ಆದರೆ ಡಗ್‌ನನ್ನು ಉಳಿಸಲೋ ಕಾರ್ಲಿಯನ್ನು ಉಳಿಸಲೋ ಅಂತ ಅಷ್ಟು ಒದ್ದಾಡಿದೆವಲ್ಲ, ಯಾರನ್ನು ಉಳಿಸಿದರೂ ಅವರು ಮುಂದೆ ಸಾಯುತ್ತಾರೆ. ಎರಡನೇ ಸಲ ಆಡಬಾರದ ಗೇಮ್ ಅದು. ಆಡಿದೆಯೋ, ಬೊಂಬೆಯ ದಾರ ಕಾಣುತ್ತದೆ.

ಕೊನೆಗೆ 'ವೆಣ್ಬಾ'. 2023ರಲ್ಲಿ ಬಂದ ಚಿಕ್ಕ ಗೇಮ್, ಒಂದು ಸಂಜೆಗೆ ಮುಗಿಯುತ್ತದೆ. ಕೆನಡಾಕ್ಕೆ ಹೋದ ತಮಿಳು ಸಂಸಾರ. ತಾಯಿ ಕೊಟ್ಟ ಅಡುಗೆ ಪುಸ್ತಕ ಹರಿದಿದೆ, ಅಳಿಸಿದೆ. ಅಳಿಸಿಹೋದದ್ದನ್ನು ನಾವು ಅಡುಗೆ ಮಾಡುತ್ತಾ ತುಂಬಬೇಕು. ಮೊದಲಿಗೇ ಇಡ್ಲಿ. ನಾನು ತಟ್ಟೆ ಒಂದರ ಮೇಲೊಂದು ಇಟ್ಟು ತಪ್ಪು ಮಾಡುತ್ತಾ ಕೂತಿದ್ದೆ. ಅಮ್ಮ ಹಿಂದೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ತಲೆಯೆತ್ತಿ ನೋಡಿ, "ಗುಳಿ ಮೇಲೆ ಗುಳಿ ಇಟ್ಟರೆ ಆವಿ ಎಲ್ಲಿಂದ ಹೋಗುತ್ತೆ? ತಿರುಗಿಸಿ ಇಡು" ಅಂದರು. ಇಟ್ಟೆ, ಸರಿಯಾಯಿತು.

ಇದನ್ನೂ ಒಂದು ಒಗಟು ಅಂತಾರಾ, ಚಿಕ್ಕ ಮಕ್ಕಳಾಟ ಅಂತ ನೀನು ನಗುತ್ತೀಯ. ನಗು. ಆದರೆ ಆ ಗೇಮ್‌ನಲ್ಲಿ ಮಗ ದೊಡ್ಡವನಾಗುತ್ತಾ ಮನೆಯ ಮಾತಿನಿಂದಲೂ ಊಟದಿಂದಲೂ ದೂರವಾಗುತ್ತಾನೆ. ಅದು ನಡೆಯುತ್ತಿರುವಾಗ, 40 ವರ್ಷ ಈ ಮನೆಯ ಇಡ್ಲಿ ತಿಂದ ನನಗೆ ತಟ್ಟೆ ಇಡಲು ಬರುವುದಿಲ್ಲ ಅಂತ ಅಮ್ಮನ ಎದುರಿಗೇ ಗೊತ್ತಾಯಿತು. ನನ್ನ ಕಿವಿ ಬಿಸಿಯಾಯಿತು. ನಿನ್ನ ಕೊಡಲಿ ದೈತ್ಯರು ಅಷ್ಟು ಹೊತ್ತು ಕೊಡಲಿ ಬೀಸಿದರೂ ನನಗೆ ಅಷ್ಟು ತಾಗಿರಲಿಲ್ಲ ಮಾರಾಯ.

ಡಿಸ್ಕ್ ನನ್ನ ಹತ್ತಿರವೇ ಇದೆ. ಬಸ್ಸಿನವರ ಕೈಯಲ್ಲಿ ಕಳಿಸಬೇಡ ಅಂದಿದ್ದೀಯ, ಸರಿ. ಮುಂದಿನ ಭಾನುವಾರ ಬೇಲೂರಿಗೆ ಬಾ, ದೇವಸ್ಥಾನದ ಹತ್ತಿರ ಸಿಗೋಣ, ಕಪ್ಪೆ ಚೆನ್ನಿಗರಾಯನ ಎದುರೇ ನಿಂತು ಉಳಿದ ಜಗಳ ಮುಗಿಸೋಣ. ಚಿಕ್ಕಮಗಳೂರಿನಿಂದ ನಿನಗೆ ಹತ್ತಿರ, ನನಗೇ ದೂರ. ಹಾಗಾಗಿ ತಿಂಡಿ ನಿನ್ನದು. ಮನೆ ಕಾಫಿ ಪುಡಿ ಅರ್ಧ ಕೆಜಿ ತಾ. ಕಳೆದ ಸಲದ್ದರಲ್ಲಿ ಚಿಕೋರಿ ಜಾಸ್ತಿ ಆಗಿತ್ತು ಅಂತ ಅಮ್ಮ ಹೇಳಲು ಹೇಳಿದ್ದಾರೆ.

ನಿನ್ನ,
ಮೊಸರಲ್ಲಿ ಕಲ್ಲು ಹುಡುಕುವವನು