ಕೈಮರದಲ್ಲಿ ಕೈ ಅಡ್ಡ ಹಿಡಿದಾಗ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಶನಿವಾರ ಹಾಸನದಿಂದ ಬೈಕಲ್ಲಿ ಮುಳ್ಳಯ್ಯನಗಿರಿಗೆ ಹೊರಟಿದ್ದೀಯಂತೆ. ಬೆಟ್ಟದ ದಾರಿಯಲ್ಲಿರೋ ಕೈಮರದ ಚೆಕ್‌ಪೋಸ್ಟಿನಲ್ಲಿ ಪೊಲೀಸರು ನಿನ್ನ ಗಾಡಿ ತಡೆಯಬಹುದು. ನಿನ್ನ ಸಿಟ್ಟು ಗೊತ್ತಿರೋದರಿಂದ ಇದನ್ನು ಬರೀತಿದ್ದೇನೆ.

ಜಗಳ ಹತ್ತಿಕೊಳ್ಳೋದು ದಂಡದಿಂದಲ್ಲ, ಏಕವಚನದಿಂದ. ಪೊಲೀಸರು ‘ಏಯ್, ನಿಲ್ಸೋ’ ಅಂತಾರೆ, ಗಾಡಿಯವನು ‘ಏನೋ ಈಗ’ ಅಂತಾನೆ. ಅಲ್ಲಿಗೆ ಹೆಲ್ಮೆಟ್ಟಿನ 500 ರೂಪಾಯಿ ಮರೆತುಹೋಗಿ ಮರ್ಯಾದೆಯ ಲೆಕ್ಕ ಶುರುವಾಗುತ್ತೆ. 2023ರ ಕೊನೆಗೆ ಚಿಕ್ಕಮಗಳೂರಲ್ಲಿ ಹೆಲ್ಮೆಟ್ ವಿಚಾರಕ್ಕೆ ಯುವ ವಕೀಲರೊಬ್ಬರಿಗೂ ಪೊಲೀಸರಿಗೂ ಆದ ಗಲಾಟೆ ನೆನಪಿದೆಯಲ್ಲ? ಪೊಲೀಸರು ಅಮಾನತಾದರು. ಮೊದಲು ವಕೀಲರು, ಆಮೇಲೆ ಪೊಲೀಸರೂ ಬೀದಿಗಿಳಿದರು. ಹೈಕೋರ್ಟ್ ತನಕ ಹೋಯಿತು. ಅದಕ್ಕೇ ಹೇಳೋದು, ಅವರು ‘ನೀನು’ ಅಂದರೂ ನೀನು ‘ನೀವು’ ಬಿಡಬೇಡ. ‘ಸಾರ್, ಬಹುವಚನದಲ್ಲಿ ಮಾತಾಡಿ, ದಾಖಲೆ ತೋರಿಸ್ತೀನಿ’ ಅಂತ ಒಂದೇ ಸಲ, ದನಿ ಏರಿಸದೆ ಹೇಳು. ಬೆಳಗಿಂದ ಮಳೆಯಲ್ಲಿ ರೇನ್‌ಕೋಟ್ ಹಾಕ್ಕೊಂಡು ನಿಂತವರಿಗೂ ಒಂದು ‘ನಮಸ್ಕಾರ ಸಾರ್’ ದೊಡ್ಡದೇ.

ಕೈ ಕಂಡ ಕೂಡಲೇ ಇಂಡಿಕೇಟರ್ ಹಾಕಿ ಎಡಕ್ಕೆ ಬಾ. ಎಂಜಿನ್ ಆಫ್ ಮಾಡಿ ಸೈಡ್ ಸ್ಟ್ಯಾಂಡ್ ಹಾಕು, ಕೀ ನಿನ್ನ ಜೇಬಿಗೆ. ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸು, ಮುಖ ಕಾಣಲಿ. ಎಂಜಿನ್ ಗುರುಗುಟ್ಟುತ್ತಿದ್ದರೆ ಇವನು ಓಡ್ತಾನೆ ಅಂತ ಅವರ ಕೈ ಕೀ ಕಡೆ ಹೋಗುತ್ತೆ. ಕೀ ಕಿತ್ತುಕೊಳ್ಳೋದು ತಪ್ಪೇ. 2025ರಲ್ಲಿ ಮಂಡ್ಯದಲ್ಲಿ ತಪಾಸಣೆ ವೇಳೆ ಬೈಕಿನಿಂದ ಬಿದ್ದು ಮಗುವೊಂದು ತೀರಿಕೊಂಡ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರಾದ ಡಿಜಿಪಿಯವರ ಸುತ್ತೋಲೆಯೇ ಅದನ್ನು ಬೇಡ ಅಂದಿದೆ. ಹಾಗಂತ ಆ ಕೈಯನ್ನು ತಳ್ಳಬೇಡ ಮಾರಾಯ. ತಳ್ಳಿದರೆ ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ ಮಾಡಿದೆ ಅಂತ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 132ನೇ ಸೆಕ್ಷನ್ ಬೀಳಬಹುದು, 2 ವರ್ಷದವರೆಗೆ ಜೈಲು. ಅವರ ತಪ್ಪು ಒಂದು ಕ್ಷಣದಲ್ಲಿ ನಿನ್ನ ಕೇಸಾಗಿಬಿಡುತ್ತೆ.

ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿರೋ ಡಿಎಲ್, ಆರ್‌ಸಿಗೆ ಕಾನೂನಿನ ಮಾನ್ಯತೆ ಇದೆ, ಸ್ಕ್ರೀನ್‌ಶಾಟಿಗಿಲ್ಲ. ಬೆಟ್ಟದ ತಿರುವಲ್ಲಿ ನೆಟ್‌ವರ್ಕ್ ಕೈಕೊಡುತ್ತೆ, ಅದಕ್ಕೇ ಕಾರ್ಡೂ ಇರಲಿ. ಸ್ಥಳದಲ್ಲೇ ದಂಡ ಹಾಕೋದು ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಅಥವಾ ಮೇಲಿನವರ ಕೆಲಸ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಕೊಡಬೇಡ. ತಪ್ಪು ಮಾಡಿಲ್ಲ ಅಂತ ಖಾತ್ರಿಯಿದ್ದರೆ ವಾದ ಬೇಡ, ‘ಕೋರ್ಟಲ್ಲಿ ನೋಡ್ಕೋತೀನಿ ಸಾರ್’ ಅಂದರೆ ಸಾಕು. ಡಿಎಲ್ ವಶಕ್ಕೆ ತಗೊಂಡರೆ ಸ್ವೀಕೃತಿ ಚೀಟಿ ಕೇಳಿ ಪಡೆ. ಅದು ಕೈಲಿದ್ದರೆ ಅದರಲ್ಲಿ ಬರೆದ ತಾರೀಕಿನ ತನಕ ಗಾಡಿ ಓಡಿಸಬಹುದು.

ವಿಡಿಯೋ ಮಾಡೋದಾದರೆ ಹೇಳಿಯೇ ಮಾಡು. ಫೋನ್ ಎದೆಯ ಮಟ್ಟದಲ್ಲಿರಲಿ, ಅವರ ಮುಖಕ್ಕೆ ಚಾಚಬೇಡ.

ಬಂಧನದ ಮಾತು ಬಂದರೆ ಎಳೆದಾಡಬೇಡ, ಕಾರಣ ಕೇಳು. ಕಾರಣ ಹೇಳೋದು, ಮನೆಯವರಿಗೆ ತಿಳಿಸೋದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸೋದು ಅವರ ಹೊಣೆ.

ಅವಮಾನ ಮಾಡಿದರೆ ನುಂಗಿಕೊಂಡು ಬಾ ಅಂತ ನಾನು ಹೇಳ್ತಿಲ್ಲ. ಅದೇ ದಿನ ಎಸ್‌ಪಿ ಕಚೇರಿಗೆ ಹೋಗಿ ದೂರು ಬರೆದುಕೊಡು. ತಾರೀಕು, ಗಂಟೆ, ಜಾಗ, ಎದೆಯ ಮೇಲಿನ ಹೆಸರು, ರಸೀದಿ ನಂಬರ್ ಎಲ್ಲ ಇರಲಿ. ಠಾಣೆಯೊಳಗೆ ಆದದ್ದಾದರೆ ಸಿಸಿಟಿವಿ ದೃಶ್ಯ ಉಳಿಸಿಡಿ ಅಂತ ಅದರಲ್ಲೇ ಸೇರಿಸು, ಠಾಣೆಗಳಲ್ಲಿ ಕ್ಯಾಮೆರಾ ಇರಲೇಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿನ್ನ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಹೊರಗೆ ಬರಬೇಡ.

ಎಮಿಷನ್ ಸರ್ಟಿಫಿಕೇಟಿನ ತಾರೀಕನ್ನು ಶುಕ್ರವಾರವೇ ನೋಡಿಕೋ.

ನಿನ್ನ ಗೆಳೆಯ